ದಿನಸಿ ಅಂಗಡಿ ಬಿಲ್ಲಿಗೆ ಕನ್ನಡ ತಂದದ್ದು: ಒಂದು ಥರ್ಮಲ್ ಪ್ರಿಂಟರ್‌ನ ಪೂರ್ತಿ ಕಥೆ

ತಿಪಟೂರಿನ ಹತ್ತಿರ ನಮ್ಮ ಚಿಕ್ಕಪ್ಪನದೊಂದು ದಿನಸಿ ಅಂಗಡಿ ಇದೆ. ಕೌಂಟರ್ ಮೇಲೆ ಹಳೇ ಕಂಪ್ಯೂಟರ್. ಪಕ್ಕದಲ್ಲಿ 80 ಮಿಲಿಮೀಟರ್ ಅಗಲದ ರೋಲ್ ಹಾಕುವ ಥರ್ಮಲ್ ಪ್ರಿಂಟರ್. ಅದರ ಕೆಳಗೆ ಗಲ್ಲಾಪೆಟ್ಟಿಗೆ. ಬಿಲ್ಲೆಲ್ಲ ಇಂಗ್ಲಿಷಿನಲ್ಲಿ ಬರುತ್ತಿತ್ತು, ಅದೂ ಜಾಗ ಸಾಲದೆ ಅರ್ಧಕ್ಕೆ ಕತ್ತರಿಸಿದ ಹೆಸರುಗಳು.

ಅಲ್ಲಿನ ಒಂದು ಸ್ತ್ರೀಶಕ್ತಿ ಸಂಘದವರು ತಿಂಗಳಿಗೊಮ್ಮೆ ಒಟ್ಟಾಗಿ ಸಾಮಾನು ಕೊಂಡು ಆಮೇಲೆ ಮನೆಮನೆಗೆ ಹಂಚಿಕೊಳ್ಳುತ್ತಾರೆ. ಲೆಕ್ಕದ ಪುಸ್ತಕ ಬರೆಯುವ ಅಕ್ಕ ಒಂದು ದಿನ ಬಿಲ್ ಹಿಡಿದುಕೊಂಡೇ ವಾಪಸ್ ಬಂದರು. "ಅಣ್ಣಾ, ಇದರಲ್ಲಿ ಉದ್ದಿನಬೇಳೆ ಯಾವುದು, ಹೆಸರುಬೇಳೆ ಯಾವುದು ಅಂತ ಗೊತ್ತಾಗ್ತಾ ಇಲ್ಲ. ಕನ್ನಡದಲ್ಲಿ ಕೊಡೋಕೆ ಆಗಲ್ವಾ?" ಅಂತ ಕೇಳಿದರು. ಚಿಕ್ಕಪ್ಪ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟವರಿಗೆ ಫೋನ್ ಮಾಡಿದರು. "ಈ ಪ್ರಿಂಟರ್‌ಗೆ ಕನ್ನಡ ಬರಲ್ಲ, ಬೇರೆ ತಗೋಬೇಕು" ಅಂತ ಉತ್ತರ ಬಂತು. ಆಮೇಲೆ ನನಗೆ ಫೋನ್ ಬಂತು.

ಈ ಮಾತನ್ನು ನೀವೂ ಎಷ್ಟೋ ಕಡೆ ಕೇಳಿರುತ್ತೀರಿ. ಈ ಪ್ರಿಂಟರ್‌ಗೆ ಕನ್ನಡ ಬರುವುದಿಲ್ಲ ಅನ್ನುವುದು ನಿಜವೇ. ಆದರೆ ಪ್ರಿಂಟರ್‌ಗೆ ಕನ್ನಡ ಬರಲೇಬೇಕು ಅಂತ ಏನೂ ಇಲ್ಲ. ಕನ್ನಡ ಬಲ್ಲ ಕಂಪ್ಯೂಟರ್ ಪಕ್ಕದಲ್ಲೇ ಕೂತಿದೆ. ಎರಡೂ ಹೇಗೆ ಮಾತಾಡಿಕೊಳ್ಳುತ್ತವೆ ಅಂತ ಗೊತ್ತಾದರೆ ಹೊಸ ಯಂತ್ರ ಕೊಳ್ಳದೆ ಕೆಲಸ ಆಗುತ್ತದೆ. ಮೂರು ಭಾನುವಾರ ಹಿಡಿಯಿತು. ಏನೇನು ಮಾಡಿದೆ, ಎಲ್ಲೆಲ್ಲಿ ಕೆಟ್ಟಿತು ಅಂತ ಬಿಡದೆ ಬರೆಯುತ್ತೇನೆ, ಇದೇ ತೊಂದರೆ ಇರುವ ಅಂಗಡಿಗಳು ನೂರಾರು ಇರಬಹುದು.

ಮೊದಲು ಪ್ರಿಂಟರ್‌ನ ಬಾಯಿ ಬಿಡಿಸಿದ್ದು

ಥರ್ಮಲ್ ಪ್ರಿಂಟರ್ ಆಫ್ ಮಾಡಿ, ಪೇಪರ್ ಫೀಡ್ ಬಟನ್ ಒತ್ತಿ ಹಿಡಿದುಕೊಂಡೇ ಆನ್ ಮಾಡಿದರೆ ಹೆಚ್ಚಿನವು ತಮ್ಮ ಜಾತಕವನ್ನು ತಾವೇ ಅಚ್ಚು ಹಾಕುತ್ತವೆ. ಯಾವ ಕೇಬಲ್, ಎಷ್ಟು ವೇಗ, ಯಾವ ಅಕ್ಷರ ಪಟ್ಟಿ, ಎಲ್ಲ ಆ ಚೀಟಿಯಲ್ಲಿ ಇರುತ್ತದೆ. ಯಾವ ರಿಪೇರಿಗೂ ಮೊದಲು ಇದನ್ನು ಮಾಡಿ. ನನಗೆ ಸಿಕ್ಕ ಚೀಟಿಯಲ್ಲಿ ಮೂರು ಮುಖ್ಯ ವಿಷಯ ಇದ್ದವು. ಸೀರಿಯಲ್ ಪೋರ್ಟಿನ (ಹಳೇ ನಮೂನೆಯ ಕೇಬಲ್ ತೂತಿನ) ವೇಗ ಸೆಕೆಂಡಿಗೆ 9600 ಬಿಟ್. ಚೈನೀಸ್ ಮೋಡ್ ಆನ್ ಆಗಿದೆ. ಮತ್ತು ಇದು ಇಎಸ್‌ಸಿ ಪಿಒಎಸ್ ಭಾಷೆ ಮಾತಾಡುತ್ತದೆ.

ಈ ಇಎಸ್‌ಸಿ ಪಿಒಎಸ್ ಎಪ್ಸನ್ ಕಂಪನಿ ಮಾಡಿದ ಆಜ್ಞೆಗಳ ಭಾಷೆ. ಬಿಲ್ ಪ್ರಿಂಟರ್ ಮಾಡುವ ಬೇರೆಯವರೂ ಅದನ್ನೇ ಹಿಡಿದಿದ್ದಾರೆ, ಹಾಗಾಗಿ ಒಂದಕ್ಕೆ ಕಲಿತರೆ ಸುಮಾರು ಎಲ್ಲಕ್ಕೂ ನಡೆಯುತ್ತದೆ. ಇದರ ಒಳಗುಟ್ಟು ತುಂಬಾ ಸರಳ. ಕಂಪ್ಯೂಟರ್ ಕಳಿಸುವುದೆಲ್ಲ 0ಯಿಂದ 255ರವರೆಗಿನ ಸಂಖ್ಯೆಗಳು, ಅಂದರೆ ಬೈಟ್‌ಗಳು. ಮಾಮೂಲಿ ಸಂಖ್ಯೆ ಬಂದರೆ ಪ್ರಿಂಟರ್ ಅದನ್ನು ಅಕ್ಷರ ಅಂದುಕೊಂಡು ಅಚ್ಚು ಹಾಕುತ್ತದೆ. 27 ಅಥವಾ 29 ಥರದ ಸಂಖ್ಯೆ ಬಂದರೆ, ಮುಂದೆ ಬರುವುದು ಅಕ್ಷರ ಅಲ್ಲ, ಆಜ್ಞೆ ಅಂತ ಅರ್ಥ. 27, 64 ಬಂದರೆ ಹಳೇದೆಲ್ಲ ಮರೆತು ಹೊಸದಾಗಿ ಶುರು ಮಾಡು. 27, 97, 1 ಬಂದರೆ ಸಾಲನ್ನು ಮಧ್ಯಕ್ಕೆ ತಾ. 27, 69, 1 ಬಂದರೆ ದಪ್ಪಕ್ಷರ. 29, 86, 1 ಬಂದರೆ ಕಾಗದ ಕತ್ತರಿಸು.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಗಲ್ಲಾಪೆಟ್ಟಿಗೆಯ ಆಜ್ಞೆ. ಆ ಪೆಟ್ಟಿಗೆಯ ವೈರ್ ಕಂಪ್ಯೂಟರ್‌ಗೆ ಹೋಗುವುದೇ ಇಲ್ಲ, ಪ್ರಿಂಟರ್‌ನ ಹಿಂದೆ ಟೆಲಿಫೋನ್ ಪಿನ್ ಥರದ ಒಂದು ತೂತಿಗೆ ಹೋಗುತ್ತದೆ. 27, 112, 0, 25, 250 ಅಂತ ಐದು ಬೈಟ್ ಬಂದ ಕೂಡಲೇ ಪ್ರಿಂಟರ್ ಆ ವೈರಿಗೆ 50 ಮಿಲಿಸೆಕೆಂಡ್ ಕರೆಂಟ್ ಕೊಡುತ್ತದೆ, ಪೆಟ್ಟಿಗೆಯ ಕೊಂಡಿ ಟಕ್ ಅಂತ ಬಿಡುತ್ತದೆ. 25 ಅನ್ನುವುದನ್ನು 2ರಿಂದ ಗುಣಿಸಿದರೆ 50. ಅಷ್ಟೇ ಲೆಕ್ಕ. ಈ ಐದು ಬೈಟ್ ಮುಂದೆ ನನ್ನನ್ನು ಒಂದು ಮಧ್ಯಾಹ್ನ ಕಾಡಿಸಿದವು, ಅದಕ್ಕೇ ಇಲ್ಲಿ ಹೇಳಿದೆ.

ಸಕ್ಕರೆ ಬದಲು ಒಂಬತ್ತು ಚೈನೀಸ್ ಅಕ್ಷರ

ಸಾಫ್ಟ್‌ವೇರ್‌ನಲ್ಲಿ ಐಟಂ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದೆ. ಸ್ಕ್ರೀನ್ ಮೇಲೆ "ಸಕ್ಕರೆ" ಅಂತ ಚೆನ್ನಾಗೇ ಕಾಣಿಸಿತು. ಪ್ರಿಂಟ್ ಕೊಟ್ಟೆ. ಒಂಬತ್ತು ಚೈನೀಸ್ ಅಕ್ಷರ ಬಂದವು.

ಯಾಕೆ ಒಂಬತ್ತು? ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಸಕ್ಕರೆ ಅಂದರೆ ಆರು ಸಂಕೇತ: ಸ, ಕ, ಅರ್ಧಾಕ್ಷರದ ಚಿಹ್ನೆ (್), ಮತ್ತೆ ಕ, ರ, ಎತ್ವ. ಆ ಸಂಕೇತಗಳನ್ನು ಬೈಟ್ ಮಾಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಸ ಅಂದರೆ 224, 178, 184. ಕ ಅಂದರೆ 224, 178, 149. ಆರು ಸಂಕೇತಕ್ಕೆ 18 ಬೈಟ್ ಆಯಿತು. ಚೈನೀಸ್ ಮೋಡ್‌ನಲ್ಲಿರುವ ಪ್ರಿಂಟರ್ 128ಕ್ಕಿಂತ ದೊಡ್ಡ ಬೈಟ್ ಕಂಡರೆ ಎರಡೆರಡನ್ನು ಜೋಡಿ ಮಾಡಿ ಒಂದು ಅಕ್ಷರ ಅಂತ ಓದುತ್ತದೆ. 18 ಬೈಟ್, ಒಂಬತ್ತು ಜೋಡಿ, ಒಂಬತ್ತು ಅಕ್ಷರ.

ಚೈನೀಸ್ ಮೋಡ್ ಆರಿಸುವ ಆಜ್ಞೆ 28, 46. ಅದನ್ನು ಕಳಿಸಿ ಮತ್ತೆ ಪ್ರಿಂಟ್ ಕೊಟ್ಟೆ. ಈ ಸಲ ಗ್ರೀಕ್ ಆಲ್ಫಾ, ಚುಕ್ಕಿ ತುಂಬಿದ ಬೂದು ಚೌಕ, ನಿಂತ ಗೆರೆ, ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ಅಕ್ಷರ, ಹೀಗೆ ಏನೇನೋ ಬಂತು. ಇದು ಹಳೇ ಪಿಸಿ ಕಾಲದ 437ನೇ ಕೋಡ್ ಪೇಜ್, ಅಂದರೆ ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನುವ ಪಟ್ಟಿ, ಅದರಲ್ಲಿ 224ಕ್ಕೆ ಆಲ್ಫಾ, 178ಕ್ಕೆ ಬೂದು ಚೌಕ. ಆಲ್ಫಾಗಳನ್ನು ಎಣಿಸಿದೆ. ಸರಿಯಾಗಿ ಆರು ಇದ್ದವು! ಕಸದ ಥರ ಕಂಡರೂ ಅದು ಒಳ್ಳೇ ಸುದ್ದಿ. ಕನ್ನಡದ ಪ್ರತಿ ಸಂಕೇತವೂ 224ರಿಂದಲೇ ಶುರುವಾಗುತ್ತದೆ, ಆರು ಸಂಕೇತಕ್ಕೆ ಆರು ಆಲ್ಫಾ ಬಂದಿವೆ ಅಂದರೆ ಸಾಫ್ಟ್‌ವೇರ್ ಕನ್ನಡವನ್ನು ಹಾಳು ಮಾಡದೆ ಪೂರ್ತಿಯಾಗಿ ಕಳಿಸುತ್ತಿದೆ, ಕೇಬಲ್‌ನಲ್ಲಿ ಏನೂ ಬಿದ್ದುಹೋಗುತ್ತಿಲ್ಲ. ಅದೇ ಆರು ಪ್ರಶ್ನಾರ್ಥಕ ಚಿಹ್ನೆ ಬಂದಿದ್ದರೆ ಸಾಫ್ಟ್‌ವೇರ್ ಒಳಗೇ ಕನ್ನಡ ಸತ್ತುಹೋಗಿದೆ ಅಂತ ಅರ್ಥ, ಆಗ ನನ್ನ ಕೈಯಲ್ಲಿ ಏನೂ ಆಗುತ್ತಿರಲಿಲ್ಲ. ನಿಮ್ಮ ಅಂಗಡಿಯಲ್ಲಿ ಕನ್ನಡ ಕೆಟ್ಟು ಬಂದರೆ ದಯವಿಟ್ಟು ಆ ಚೀಟಿಯನ್ನು ಎಸೆಯಬೇಡಿ. ಯಾವ ಥರ ಕೆಟ್ಟಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಕೋಡ್ ಪೇಜ್ ಬದಲಿಸುವ ಆಜ್ಞೆ 27, 116, ಆಮೇಲೆ ಪೇಜಿನ ಸಂಖ್ಯೆ. ಎಪ್ಸನ್‌ನವರ ಪಟ್ಟಿಯಲ್ಲಿ 72ನೇ ಸಂಖ್ಯೆ ಕನ್ನಡಕ್ಕೇ ಮೀಸಲು, ನಮ್ಮ ಕಡೆಗೆಂದೇ ಮಾಡಿದ ಕೆಲವು ಮಾಡೆಲ್‌ಗಳಲ್ಲಿ ಅದು ಇರುತ್ತದೆ. ಅದನ್ನು ನೋಡಿ ನಿಜವಾಗಿ ಖುಷಿಯಾಯಿತು. ಆದರೆ ಚಿಕ್ಕಪ್ಪನ ಪ್ರಿಂಟರ್‌ನಲ್ಲಿ ಆ ಪೇಜ್ ಇಲ್ಲ. 27, 116, 72 ಕಳಿಸಿದರೂ ಅದೇ ಆಲ್ಫಾ ಬಂತು.

ನೋಟ್‌ಪ್ಯಾಡ್ ಕೊಟ್ಟ ಸುಳಿವು

ಪ್ರಿಂಟರ್‌ಗೆ ಯುಎಸ್‌ಬಿ ತೂತೂ ಇತ್ತು, ಯಾರೂ ಬಳಸಿರಲಿಲ್ಲ. ಕೇಬಲ್ ಹಾಕಿ, ಕಂಪನಿಯ ಡ್ರೈವರ್ ಇನ್‌ಸ್ಟಾಲ್ ಮಾಡಿ, ನೋಟ್‌ಪ್ಯಾಡ್‌ನಲ್ಲಿ "ಸಕ್ಕರೆ, ಕೊಬ್ಬರಿ, ಎಳ್ಳು" ಅಂತ ಬರೆದು ಪ್ರಿಂಟ್ ಕೊಟ್ಟೆ. ಮೂರೂ ಪದ ಚೊಕ್ಕವಾಗಿ ಬಂದವು. ಚಿಕ್ಕಪ್ಪ ಆ ಚೀಟಿ ಹಿಡಿದುಕೊಂಡು "ಬರಲ್ಲ ಅಂದ್ರಲ್ಲೋ!" ಅಂದರು.

ಏನಾಯಿತು ಅಂದರೆ, ಡ್ರೈವರ್ ಮೂಲಕ ಹೋದಾಗ ವಿಂಡೋಸ್ ಪದವನ್ನು ತಾನೇ ಜೋಡಿಸುತ್ತದೆ. ಒತ್ತಕ್ಷರ ಎಲ್ಲಿ ಬರಬೇಕು, ಕೊಂಬು ಎಲ್ಲಿ ಅಂಟಬೇಕು ಅಂತ ಫಾಂಟ್ ನೋಡಿ ತೀರ್ಮಾನಿಸಿ, ಪುಟವನ್ನು ಸ್ಪೂಲರ್‌ಗೆ ಕೊಡುತ್ತದೆ. ಸ್ಪೂಲರ್ ಅಂದರೆ ಸರತಿ ಸಾಲು ನೋಡಿಕೊಳ್ಳುವ ಕೆಲಸಗಾರ. ಅಲ್ಲಿಂದ ಡ್ರೈವರ್ ಅದನ್ನು ಪ್ರಿಂಟರ್‌ಗೆ ಅರ್ಥವಾಗುವ ಭಾಷೆಗೆ ತಿರುಗಿಸುತ್ತದೆ. ಆಫೀಸಿನ ಲೇಸರ್ ಪ್ರಿಂಟರ್ ಆದರೆ ಆ ಭಾಷೆ ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಆಗಿರಬಹುದು, ಎರಡೂ 1984ರ ಸುಮಾರಿಗೆ ಬಂದವು. ನಮ್ಮ ಬಿಲ್ ಪ್ರಿಂಟರ್‌ಗೆ ಡ್ರೈವರ್ ಕಳಿಸಿದ್ದು ಬರೀ ಚಿತ್ರ, ಕಪ್ಪು ಬಿಳಿ ಚುಕ್ಕಿಗಳ ಚಿತ್ರ. ಕನ್ನಡವೋ ಚೈನೀಸೋ ಗಿಳಿಯ ಚಿತ್ರವೋ, ಪ್ರಿಂಟರ್‌ಗೆ ಎಲ್ಲ ಒಂದೇ.

ಹಾಗಾದರೆ ಡ್ರೈವರ್ ಮೂಲಕವೇ ಬಿಲ್ ಕೊಟ್ಟರೆ ಆಯ್ತಲ್ವಾ? ಆಗುತ್ತಿತ್ತು. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಆ ಆಯ್ಕೆ ಇದ್ದರೆ ಇಲ್ಲಿಗೇ ನಿಲ್ಲಿಸಿ, ಅದನ್ನೇ ಹಾಕಿಕೊಳ್ಳಿ. ಚಿಕ್ಕಪ್ಪನ ಸಾಫ್ಟ್‌ವೇರ್ ಹಳೇದು, ಅದು ಡ್ರೈವರ್ ಹತ್ತಿರ ಹೋಗುವುದೇ ಇಲ್ಲ, ಬೈಟ್‌ಗಳನ್ನು ನೇರ ಪೋರ್ಟಿಗೆ ಬರೆಯುತ್ತದೆ. ಬದಲಿಸೋಣ ಅಂದರೆ ಅದರಲ್ಲಿ ಎಷ್ಟೋ ವರ್ಷದ ಉದ್ರಿ ಲೆಕ್ಕ ಇದೆ.

ನಡುವೆ ಒಂದು ಯೋಚನೆ ಬಂತು. ಪ್ರಿಂಟರ್‌ನ ನೆನಪಿಗೆ ನಮ್ಮದೇ ಅಕ್ಷರಗಳನ್ನು ತುಂಬುವ ಆಜ್ಞೆ ಒಂದಿದೆ, 27, 38. ಅದರಲ್ಲಿ 32ರಿಂದ 126ರವರೆಗೆ 95 ಜಾಗ. ಕನ್ನಡಕ್ಕೆ ಸಾಕಾ? ವ್ಯಂಜನ 34, ಅವುಗಳ ಒತ್ತು 34, ಗುಡಿಸು ಕೊಟ್ಟ ರೂಪ ಇನ್ನೊಂದು 34. ಅಲ್ಲಿಗೇ 102 ಆಯಿತು, ಸ್ವರ ಇನ್ನೂ ಮುಟ್ಟಿಲ್ಲ. ಮೇಲಾಗಿ ಪ್ರತಿ ಅಕ್ಷರವೂ 12 ಚುಕ್ಕಿ ಅಗಲದಲ್ಲೇ ಕೂರಬೇಕು. ರ ಕೂತರೆ ಣ ಉಸಿರುಗಟ್ಟುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನಮ್ಮ ಹಳೇ ಫಾಂಟ್‌ಗಳೂ ಹೀಗೇ ಇಂಗ್ಲಿಷ್ ಅಕ್ಷರದ ಜಾಗಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ಸಾಗಿಸಿದ್ದವು, ಆದರೆ ಅವಕ್ಕೆ ಇದಕ್ಕಿಂತ ಜಾಸ್ತಿ ಜಾಗ ಇತ್ತು. ಆ ದಾರಿ ಬಿಟ್ಟೆ.

ನಡುವೆ ಕೂತ ಪ್ರೋಗ್ರಾಂ

ಸಾಫ್ಟ್‌ವೇರ್‌ನ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಪ್ರಿಂಟರ್ ಅನ್ನುವ ಆಯ್ಕೆ ಇತ್ತು. ವಿಳಾಸ ಕೊಟ್ಟರೆ 9100ನೇ ಪೋರ್ಟಿಗೆ ಬೈಟ್ ಸುರಿಯುತ್ತದೆ. ನೆಟ್‌ವರ್ಕ್ ಪ್ರಿಂಟರ್‌ಗಳು ಸಾಮಾನ್ಯವಾಗಿ ಕಿವಿ ಇಟ್ಟುಕೊಂಡು ಕೂರುವ ಪೋರ್ಟ್ ಅದು. ಅಲ್ಲಿ ಯಾವ ಮಾತುಕತೆಯೂ ಇಲ್ಲ, ಬಂದ ಬೈಟ್ ನೇರ ಪ್ರಿಂಟರ್‌ನ ಹೊಟ್ಟೆಗೆ. ನಾನು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದು ಅದೇ ಕಂಪ್ಯೂಟರ್‌ನಲ್ಲಿ 9100ಕ್ಕೆ ಕೂರಿಸಿದೆ. ಸಾಫ್ಟ್‌ವೇರ್‌ಗೆ ವಿಳಾಸ 127.0.0.1 ಅಂತ ಕೊಟ್ಟೆ, ಅಂದರೆ ಇದೇ ಕಂಪ್ಯೂಟರ್. ಸಾಫ್ಟ್‌ವೇರ್ ತಾನು ಪ್ರಿಂಟರ್ ಜೊತೆ ಮಾತಾಡುತ್ತಿದ್ದೇನೆ ಅಂದುಕೊಳ್ಳುತ್ತದೆ. ನನ್ನ ಪ್ರೋಗ್ರಾಂ ಅದರ ಮಾತು ಕೇಳಿಸಿಕೊಂಡು, ಕನ್ನಡವನ್ನು ಚಿತ್ರ ಮಾಡಿ, ನಿಜವಾದ ಪ್ರಿಂಟರ್‌ಗೆ ದಾಟಿಸುತ್ತದೆ.

ಮೊದಲ ಬಿಲ್ಲಿಗೇ ಪ್ರೋಗ್ರಾಂ ಬಿದ್ದುಹೋಯಿತು. ಐಟಂ ಒಂದೊಂದೇ ಕೊಟ್ಟು ಪರೀಕ್ಷೆ ಮಾಡಿದಾಗ ಎಲ್ಲ ಸರಿ, ನಿಜವಾದ ಬಿಲ್ ಕೊಟ್ಟರೆ ಮಾತ್ರ ಬೀಳುತ್ತಿತ್ತು. ಒಂದು ಮಧ್ಯಾಹ್ನ ಪೂರ್ತಿ ಹುಡುಕಿದೆ. ತಪ್ಪು ಗಲ್ಲಾಪೆಟ್ಟಿಗೆಯ ಆಜ್ಞೆಯಲ್ಲಿ ಸಿಕ್ಕಿತು. ನಾನು ಬಂದ ಬೈಟ್‌ಗಳನ್ನೆಲ್ಲ ಒಟ್ಟಿಗೆ ಯುಟಿಎಫ್-8 ಅಂತ ಓದುತ್ತಿದ್ದೆ. ಆ ಆಜ್ಞೆಯ ಕೊನೆಯ ಬೈಟ್ 250. ಯುಟಿಎಫ್-8ರಲ್ಲಿ 250 ಅನ್ನುವ ಬೈಟ್ ಎಲ್ಲೂ ಬರುವ ಹಾಗೇ ಇಲ್ಲ. ಅದಕ್ಕೇ ಓದುವಾಗ ತಪ್ಪು ಅಂತ ನಿಂತುಬಿಡುತ್ತಿತ್ತು. ಆಮೇಲೆ ಕ್ರಮ ಬದಲಿಸಿದೆ. ಮೊದಲು 27, 28, 29ರಿಂದ ಶುರುವಾಗುವ ಆಜ್ಞೆಗಳನ್ನು ಅವುಗಳ ಉದ್ದದ ಲೆಕ್ಕದಲ್ಲಿ ಬೇರೆ ತೆಗೆದಿಡಬೇಕು, ಉಳಿದದ್ದನ್ನು ಮಾತ್ರ ಕನ್ನಡ ಅಂತ ಓದಬೇಕು, ಆಜ್ಞೆಗಳನ್ನು ಅವು ಬಂದ ಜಾಗದಲ್ಲೇ ಹಾಗೇ ಮುಂದಕ್ಕೆ ಕಳಿಸಬೇಕು.

ಎರಡನೇ ಪೆಟ್ಟು ಅಕ್ಷರ ಜೋಡಣೆಯದು. ಚಿತ್ರ ಮಾಡಲು ಪೈಥಾನ್‌ನ ಪಿಲ್ಲೋ ಲೈಬ್ರರಿ ಬಳಸಿದೆ, ಫಾಂಟ್ ನೋಟೋ ಸಾನ್ಸ್ ಕನ್ನಡ. ಕಾಗದದ ಮೇಲೆ "ಸಕ್‌ಕರೆ" ಅಂತ ಬಂತು. ಒತ್ತು ಕೆಳಗೆ ಇಳಿಯಲೇ ಇಲ್ಲ. ಪಿಲ್ಲೋ ಸುಮ್ನೆ ಬಿಟ್ಟರೆ ಒಂದು ಸಂಕೇತಕ್ಕೆ ಒಂದು ಆಕಾರ ಅಂತ ಪಕ್ಕಪಕ್ಕ ಇಡುತ್ತಾ ಹೋಗುತ್ತದೆ, ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡಕ್ಕೆ ರಾಕ್ಮ್ ಅನ್ನುವ ಇನ್ನೊಂದು ತುಂಡು ಬೇಕು, ಅದು ಹಾರ್ಫ್‌ಬಜ್ ಅನ್ನುವ ಅಕ್ಷರ ಜೋಡಿಸುವ ಪ್ರೋಗ್ರಾಂ ಮೂಲಕ ಒತ್ತು, ಅರ್ಕಾವತ್ತು, ಕಾಗುಣಿತ ಎಲ್ಲ ಜೋಡಿಸುತ್ತದೆ. ವಿಂಡೋಸ್‌ನಲ್ಲಿ ಅದು ಎಚ್ಚರವಾಗಬೇಕಾದರೆ ಫ್ರಿಬಿಡಿ ಅನ್ನುವ ಡಿಎಲ್‌ಎಲ್ ಫೈಲ್ ಸರಿಯಾದ ಜಾಗದಲ್ಲಿ ಇರಬೇಕು. ಅದು ಇಲ್ಲದಿದ್ದರೆ ಪಿಲ್ಲೋ ತಾನಾಗಿ ಯಾವ ದೂರನ್ನೂ ಹೇಳುವುದಿಲ್ಲ, ಒಡೆದ ಕನ್ನಡವನ್ನೇ ಕೊಟ್ಟು ಸುಮ್ಮನಾಗುತ್ತದೆ. ಫೈಲ್ ತಂದು ಇಟ್ಟೆ. ಸಕ್ಕರೆ ಸಕ್ಕರೆಯಾಯಿತು.

ಆದರೂ ಅಕ್ಷರದ ಅಂಚು ಇರುವೆ ಕಚ್ಚಿದ ಹಾಗೆ ತರಿತರಿಯಾಗಿ ಕಾಣುತ್ತಿತ್ತು. ಥರ್ಮಲ್ ಪ್ರಿಂಟರ್‌ಗೆ ಕಪ್ಪು, ಬಿಳಿ ಎರಡೇ ಗೊತ್ತು, ಬೂದು ಬಣ್ಣ ಇಲ್ಲ. ಪಿಲ್ಲೋ ಬೂದು ಅಂಚನ್ನು ಎರಡು ಬಣ್ಣಕ್ಕೆ ಇಳಿಸುವಾಗ ಚುಕ್ಕಿ ಚೆಲ್ಲಿ ಬೂದಿನ ಭ್ರಮೆ ಹುಟ್ಟಿಸುತ್ತದೆ. ಫೋಟೋಗೆ ಅದು ಚಂದ, ಅಕ್ಷರಕ್ಕೆ ಬೇಡ. ಅದನ್ನು ಆರಿಸಿ, ಅರ್ಧಕ್ಕಿಂತ ಗಾಢ ಇದ್ದರೆ ಕಪ್ಪು, ಇಲ್ಲದಿದ್ದರೆ ಬಿಳಿ ಅಂತ ನೇರ ಗೆರೆ ಎಳೆದೆ. ಫಾಂಟ್ ಕೂಡ ಒಂದು ಹಂತ ದಪ್ಪದ್ದು ಹಾಕಿದೆ. ಈ ಪ್ರಿಂಟರ್‌ನಲ್ಲಿ ಮಿಲಿಮೀಟರಿಗೆ 8 ಚುಕ್ಕಿ, ತೆಳು ಗೆರೆ ಅಲ್ಲಿ ಉಳಿಯುವುದಿಲ್ಲ.

ಚುಕ್ಕಿಗಳ ಲೆಕ್ಕ, ಸಮಯದ ಲೆಕ್ಕ

80 ಮಿಲಿಮೀಟರ್ ರೋಲಿನಲ್ಲಿ ಅಚ್ಚು ಬೀಳುವ ಅಗಲ 72 ಮಿಲಿಮೀಟರ್. ಅಂದರೆ 576 ಚುಕ್ಕಿ. ಪ್ರಿಂಟರ್‌ನ ತಲೆಯಲ್ಲಿ ಸಾಲಾಗಿ 576 ಪುಟ್ಟ ಬಿಸಿ ಬಿಂದುಗಳಿವೆ. ಯಾವುದು ಕಾದರೆ ಅದರ ಕೆಳಗೆ ಕಾಗದ ಕಪ್ಪಾಗುತ್ತದೆ. ಶಾಯಿಯೇ ಇಲ್ಲ, ಬಣ್ಣ ಬಿಡುವ ಲೇಪ ಕಾಗದದಲ್ಲೇ ಇರುತ್ತದೆ. ಎಂಟು ಚುಕ್ಕಿ ಸೇರಿ ಒಂದು ಬೈಟ್: ಎಂಟೂ ಬಿಳಿ ಆದರೆ 0, ಎಂಟೂ ಕಪ್ಪಾದರೆ 255, ನಡುವಿನ ಎರಡು ಮಾತ್ರ ಕಪ್ಪಾದರೆ 24. ಒಂದು ಅಡ್ಡಸಾಲಿಗೆ 72 ಬೈಟ್. ಕನ್ನಡದ ಒಂದು ಸಾಲಿಗೆ ನಾನು 40 ಚುಕ್ಕಿ ಎತ್ತರ ಇಟ್ಟೆ. ಆಗ ಕಳಿಸಬೇಕಾದ ಆಜ್ಞೆ 29, 118, 48, 0, 72, 0, 40, 0. ಚಿತ್ರ ಬರುತ್ತಿದೆ, ಅಗಲ 72 ಬೈಟ್, ಎತ್ತರ 40 ಸಾಲು ಅಂತ ಅದರ ಅರ್ಥ. ಅದರ ಬೆನ್ನಿಗೆ 2880 ಬೈಟ್ ಚಿತ್ರ.

ಈಗ ಲೆಕ್ಕ ನೋಡಿ. 20 ಸಾಲಿನ ಬಿಲ್ ಇಂಗ್ಲಿಷ್ ಅಕ್ಷರವಾಗಿ ಹೋದರೆ ಸಾಲಿಗೆ 48 ಅಕ್ಷರದಂತೆ 960 ಬೈಟ್. 9600 ವೇಗದ ಸೀರಿಯಲ್ ಕೇಬಲ್‌ನಲ್ಲಿ ಒಂದು ಬೈಟಿಗೆ ಹತ್ತು ಬಿಟ್ ಹಿಡಿಯುವುದರಿಂದ ಸೆಕೆಂಡಿಗೆ 960 ಬೈಟ್ ಹೋಗುತ್ತದೆ, ಹಾಗಾಗಿ ಒಂದು ಸೆಕೆಂಡ್. ಅದೇ ಬಿಲ್ ಕನ್ನಡ ಚಿತ್ರವಾಗಿ ಹೋದರೆ 57,600 ಬೈಟ್. ಅರವತ್ತು ಸೆಕೆಂಡ್! ಮೊದಲ ಪರೀಕ್ಷೆಯನ್ನು ಹಳೇ ಸೀರಿಯಲ್ ಕೇಬಲ್‌ನಲ್ಲೇ ಮಾಡಿದ್ದೆ. ಪ್ರಿಂಟರ್ ಒಂಚೂರು ಅಚ್ಚು ಹಾಕಿ ನಿಲ್ಲುವುದು, ಬೈಟ್‌ಗೆ ಕಾಯುವುದು, ಮತ್ತೆ ಒಂಚೂರು. ನಿಂತು ಹೊರಟ ಕಡೆಯೆಲ್ಲ ತೆಳ್ಳನೆ ಬಿಳಿ ಗೀಟು. ಸಂಜೆ ಹೊತ್ತಿನ ರಶ್‌ನಲ್ಲಿ ಗಿರಾಕಿಯನ್ನು ಒಂದು ನಿಮಿಷ ನಿಲ್ಲಿಸುವುದು ಆಗದ ಮಾತು.

ಪ್ರಿಂಟರ್ ಅಡಿಯ ಪುಟ್ಟ ಸ್ವಿಚ್‌ಗಳಿಂದ ವೇಗವನ್ನು 1,15,200ಕ್ಕೆ ಏರಿಸಿದೆ. ಲೆಕ್ಕದ ಪ್ರಕಾರ ಐದು ಸೆಕೆಂಡ್. ಬಿಲ್ಲಿನ ಅರ್ಧದವರೆಗೆ ಚೆನ್ನಾಗಿ ಬಂತು, ಆಮೇಲೆ ಚಿತ್ರ ಓರೆಯಾಗಿ ಸರಿದು, ಕೊನೆಯಲ್ಲಿ ಮೊಳದುದ್ದ ಆಲ್ಫಾ ಮತ್ತು ಚೌಕಗಳ ಮೆರವಣಿಗೆ. ಪ್ರಿಂಟರ್‌ನ ಹೊಟ್ಟೆ ತುಂಬಿದಾಗ ಅದು "ತಾಳು" ಅಂತ ಹೇಳುವ ವೈರ್ ಒಂದು ಇರುತ್ತದೆ. ಚಿಕ್ಕಪ್ಪನ ಹಳೇ ಕೇಬಲ್‌ನಲ್ಲಿ ಆ ವೈರೇ ಇರಲಿಲ್ಲ. ಕಂಪ್ಯೂಟರ್ ನಿಲ್ಲಿಸದೆ ಸುರಿಯಿತು, ಕೆಲವು ಬೈಟ್ ಚೆಲ್ಲಿಹೋದವು. ಪ್ರಿಂಟರ್ 2880 ಎಣಿಸುತ್ತಾ ಕೂತಿದೆ, ಕಡಿಮೆ ಬಿದ್ದದ್ದಕ್ಕೆ ಮುಂದಿನ ಆಜ್ಞೆಯನ್ನೇ ಚಿತ್ರ ಅಂತ ನುಂಗಿತು. ಆಜ್ಞೆ ತಪ್ಪಿಹೋದ ಮೇಲೆ ಬಂದ ಚಿತ್ರವನ್ನು ಅಕ್ಷರ ಅಂತ ಓದಿತು. ಯಾವುದೇ ಪ್ರಿಂಟರ್ ಇದ್ದಕ್ಕಿದ್ದಂತೆ ಪುಟಗಟ್ಟಲೆ ಕಸ ಉಗುಳಿದರೆ ಕಾರಣ ಬಹಳ ಸಲ ಇದೇ: ಎಲ್ಲೋ ಕೆಲವು ಬೈಟ್ ಕಳೆದುಹೋಗಿ, ಆಜ್ಞೆ ಯಾವುದು ಸರಕು ಯಾವುದು ಅನ್ನುವ ಎಣಿಕೆ ತಪ್ಪಿರುತ್ತದೆ.

ಯುಎಸ್‌ಬಿಗೆ ಬದಲಿಸಿದೆ. ಅಲ್ಲಿ "ತಾಳು" ಅನ್ನುವುದು ಕೇಬಲ್‌ನ ನಿಯಮದಲ್ಲೇ ಸೇರಿದೆ, ಬೈಟ್ ಚೆಲ್ಲುವುದಿಲ್ಲ. ಬಿಲ್ ಎರಡು ಸೆಕೆಂಡಿನೊಳಗೆ ಬರತೊಡಗಿತು.

ಇಲ್ಲೇ ಒಂದು ಮಾತು. ಅಂಗಡಿ ಹೆಸರನ್ನು ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ಹಾಕು ಅಂತ ಚಿಕ್ಕಪ್ಪನ ಮಗ ಆಸೆಪಟ್ಟ. ಬೇಡ ಅಂದೆ. 576 ಬಿಂದುಗಳೂ ಒಟ್ಟಿಗೆ ಕಾಯಬೇಕಾದರೆ ಅಡಾಪ್ಟರ್ ಮೇಲೆ ಭಾರ, ಪ್ರಿಂಟರ್ ನಿಧಾನವಾಗುತ್ತದೆ ಇಲ್ಲವೇ ಕಪ್ಪು ಮಂಕಾಗುತ್ತದೆ. ದಪ್ಪಕ್ಷರದ ಹೆಸರೇ ಚೆನ್ನ.

ದರದ ಕಾಲಂ ಮತ್ತು ಮುಗಿದ ರೋಲ್

ಸಾಫ್ಟ್‌ವೇರ್ ಕಾಲಂಗಳನ್ನು ಖಾಲಿ ಜಾಗ ತುಂಬಿ ಜೋಡಿಸುತ್ತದೆ. ಸಕ್ಕರೆಗೆ ಆರು ಸಂಕೇತ, ಅದು ಆರು ಅಕ್ಷರ ಅಂತ ಎಣಿಸುತ್ತದೆ. ಕಣ್ಣಿಗೆ ಕಾಣುವುದು ಮೂರು. ರವೆಗೆ ಮೂರು ಎಣಿಸುತ್ತದೆ, ಕಾಣುವುದು ಎರಡು. ಹೀಗಾಗಿ ದರದ ಅಂಕಿಗಳು ಒಂದರ ಕೆಳಗೊಂದು ನಿಲ್ಲದೆ ಹಾವಿನ ಹಾಗೆ ಓಲಾಡುತ್ತಿದ್ದವು. ಅದಕ್ಕೆ ಖಾಲಿ ಜಾಗವನ್ನು ನಂಬುವುದೇ ಬಿಟ್ಟೆ. ಎರಡು ಅಥವಾ ಜಾಸ್ತಿ ಖಾಲಿ ಜಾಗ ಕಂಡಲ್ಲಿ ಸಾಲನ್ನು ತುಂಡು ಮಾಡಿ, ಹೆಸರನ್ನು ಎಡಕ್ಕೆ, ತೂಕ, ದರ, ಮೊತ್ತಗಳನ್ನು ಇಷ್ಟನೇ ಚುಕ್ಕಿಗೆ ಬಲ ಅಂಚು ಮುಟ್ಟಬೇಕು ಅಂತ ಕೂರಿಸಿದೆ. ಈಗ ಕಾಲಂ ನೆಟ್ಟಗಿದೆ.

ಇನ್ನೊಂದು ಹಳೇ ದೂರು ಇತ್ತು. ರೋಲ್ ಮುಗಿದದ್ದು ಗೊತ್ತಾಗದೆ ಬಿಲ್ ಅರ್ಧಕ್ಕೆ ನಿಂತು, ಕಂಪ್ಯೂಟರ್ ಮಾತ್ರ ಪ್ರಿಂಟ್ ಆಯಿತು ಅಂತ ತೋರಿಸುತ್ತಿತ್ತು. ಕಂಪ್ಯೂಟರ್ ಸುಳ್ಳು ಹೇಳುತ್ತಿರಲಿಲ್ಲ. ಬೈಟ್ ದಾಟಿಸಿದ್ದೇ ಅದರ ಪಾಲಿಗೆ ಕೆಲಸ ಮುಗಿದದ್ದು. ಕಾಗದ ಹೊರಗೆ ಬಂತೋ ಇಲ್ಲವೋ ಪ್ರಿಂಟರನ್ನೇ ಕೇಳಬೇಕು. ಕೇಳುವ ಮಾತು 16, 4, 4. ಪ್ರಿಂಟರ್ ಒಂದು ಬೈಟ್ ಉತ್ತರ ಕೊಡುತ್ತದೆ. ಈ ಪ್ರಿಂಟರ್‌ನಲ್ಲಿ ಕಾಗದ ಇದ್ದರೆ 18, ಮುಗಿದಿದ್ದರೆ 114. ಉತ್ತರ ಓದಬೇಕಾದರೆ ಸ್ಪೂಲರ್ ದಾಟಿ ಯುಎಸ್‌ಬಿ ಜೊತೆ ನೇರ ಮಾತಾಡಬೇಕಾಯಿತು, ಅದಕ್ಕಾಗಿ ಕಂಪನಿಯ ಡ್ರೈವರ್ ತೆಗೆದು ಬೇರೆ ಸಾಮಾನ್ಯ ಡ್ರೈವರ್ ಹಾಕಿದೆ. ಈಗ ನೋಟ್‌ಪ್ಯಾಡ್‌ನಿಂದ ಪ್ರಿಂಟ್ ಕೊಡಲು ಆಗುವುದಿಲ್ಲ, ಆ ಅಂಗಡಿಗೆ ಅದು ಬೇಕಾಗಿಯೂ ಇಲ್ಲ. ಬದಲಿಗೆ ಬಿಲ್ ಕಳಿಸುವ ಮೊದಲು ಪ್ರೋಗ್ರಾಂ ಕೇಳುತ್ತದೆ, 114 ಬಂದರೆ "ರೋಲ್ ಹಾಕಿ" ಅಂತ ಸ್ಕ್ರೀನ್ ಮೇಲೆ ದೊಡ್ಡದಾಗಿ ತೋರಿಸಿ ಬಿಲ್ಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಎಚ್ಚರಿಕೆ: 16, 4 ಥರದ ತುರ್ತು ಪ್ರಶ್ನೆಗಳನ್ನು ಪ್ರಿಂಟರ್ ಚಿತ್ರದ ನಡುವೆ ಕಂಡರೂ ಪ್ರಶ್ನೆ ಅಂತಲೇ ತಿಳಿದು ಉತ್ತರ ಕೊಟ್ಟುಬಿಡುತ್ತದೆ. ಹಾಗಾಗಿ ಕೇಳುವ ಮೊದಲು ಹಳೇ ಉತ್ತರಗಳನ್ನೆಲ್ಲ ಓದಿ ಖಾಲಿ ಮಾಡಿಕೊಳ್ಳಬೇಕು.

ಸ್ತ್ರೀ ಅನ್ನುವ ಪದ

ಮೂರನೇ ಭಾನುವಾರ ಸಂಘದ ಅಕ್ಕ ಬಂದರು. ಬಿಲ್ ಕೈಗೆ ತಗೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಉದ್ದಿನಬೇಳೆ, ಹೆಸರುಬೇಳೆ, ಮೆಂತ್ಯ, ಎಳ್ಳು. ಪುಸ್ತಕ ತೆಗೆದು ಕೌಂಟರ್ ಮೇಲೇ ಬರೆದುಕೊಂಡರು. ಆಮೇಲೆ ಕೇಳಿದರು: "ಮೇಲೆ ನಮ್ಮ ಸಂಘದ ಹೆಸರೂ ಬರುತ್ತಾ?"

ಗಿರಾಕಿ ಹೆಸರಿನ ಜಾಗದಲ್ಲಿ ಟೈಪ್ ಮಾಡಿ ಕೊಟ್ಟೆ. "ಸ್ತ್ರೀಶಕ್ತಿ" ಅನ್ನುವುದರಲ್ಲಿ ಸ್ತ್ರೀ ಕೆಳಗೆ ಕತ್ತರಿಸಿ ಬಂತು. ಸ ಕೆಳಗೆ ತ ಒತ್ತು, ಅದರ ಜೊತೆ ರ ಒತ್ತು. ಈ ಎರಡೊತ್ತಿನ ಬಾಲಕ್ಕೆ ನಾನು ಕೊಟ್ಟ 40 ಚುಕ್ಕಿ ಸಾಲಲಿಲ್ಲ. ಹೆಸರಿನ ಸಾಲಿಗೆ ದೊಡ್ಡಕ್ಷರ ಬೇರೆ ಹಾಕಿದ್ದೆ. ಎಲ್ಲ ಸಾಲಿಗೂ 56 ಚುಕ್ಕಿ ಕೊಟ್ಟರೆ ಸರಿಹೋಗುತ್ತದೆ, ಆದರೆ ಕಾಗದ ಪೋಲು. 40ಕ್ಕೇ ಬಿಲ್ ಹಳೇದಕ್ಕಿಂತ ಉದ್ದವಾಗಿತ್ತು: ಇಂಗ್ಲಿಷ್ ಸಾಲು 30 ಚುಕ್ಕಿ, 20 ಸಾಲಿಗೆ 75 ಮಿಲಿಮೀಟರ್. ಕನ್ನಡದ್ದು 100.

ಕೊನೆಗೆ ಅಳತೆಯನ್ನು ಮೊದಲೇ ಇಡುವುದನ್ನು ಬಿಟ್ಟೆ. ಪ್ರತಿ ಸಾಲನ್ನೂ ದೊಡ್ಡ ಖಾಲಿ ಹಾಳೆಯ ಮೇಲೆ ಬರೆಸಿ, ಕಪ್ಪು ಚುಕ್ಕಿ ಎಲ್ಲಿ ಶುರು ಎಲ್ಲಿ ಕೊನೆ ಅಂತ ನೋಡಿ, ಮೇಲೆ ಕೆಳಗೆ ಮೂರು ಮೂರು ಚುಕ್ಕಿ ಬಿಟ್ಟು ಅಷ್ಟೇ ಎತ್ತರದ ಚಿತ್ರ ಕಳಿಸಿದೆ. ಒತ್ತಿಲ್ಲದ "ರವೆ" ಸಾಲು ಗಿಡ್ಡ, "ಎಳ್ಳು" ಸ್ವಲ್ಪ ಉದ್ದ, ಸಂಘದ ಹೆಸರಿನ ಸಾಲು ಎಲ್ಲಕ್ಕಿಂತ ಎತ್ತರ. ಅದೇ ಬಿಲ್ ಸ್ಕೇಲ್ ಇಟ್ಟು ಅಳೆದರೆ 84 ಮಿಲಿಮೀಟರ್ ಬಂತು. ಅಕ್ಕ ಎರಡನೇ ಪ್ರತಿ ತಗೊಂಡು, ಸ್ತ್ರೀ ಅನ್ನುವುದರ ಬಾಲ ಪೂರ್ತಿ ಇದೆಯಾ ಅಂತ ನೋಡಿ, ಪುಸ್ತಕದೊಳಗೆ ಇಟ್ಟುಕೊಂಡರು.